ರ‍್ಯಾಮ್ ಕೊಳ್ಳುವ ಮೊದಲು ಸಿಪಿಯು ಬಿಚ್ಚಿ ನೋಡಿ

ಮಾನ್ಯ ಸಂಪಾದಕರೇ,

ಕಂಪ್ಯೂಟರ್ ನಿಧಾನವಾದರೆ ‘ರ‍್ಯಾಮ್ ಜಾಸ್ತಿ ಮಾಡಿಸಿ’, ಮಳೆಗಾಲದಲ್ಲಿ ಆನ್ ಆಗದಿದ್ದರೆ ‘ರ‍್ಯಾಮ್ ಹೋಗಿದೆ’ – ಚಿಕ್ಕಮಗಳೂರಿನಲ್ಲಿ ಎರಡೂ ಮಾಮೂಲಿ ಮಾತು. ರ‍್ಯಾಮ್ ಎಂದರೆ ಕಂಪ್ಯೂಟರ್ ಕೆಲಸದ ಹೊತ್ತಿನಲ್ಲಿ ಬಳಸುವ ತಾತ್ಕಾಲಿಕ ಮೆಮೊರಿ. 2025ರ ಕೊನೆಯಿಂದ ಅದರ ಬೆಲೆ ವಿಪರೀತ ಏರಿದೆ. ಪರೀಕ್ಷಿಸದೆ ಹೊಸದು ಹಾಕಿಸುವುದು ದುಡ್ಡು ಸುರಿದಂತೆ.

ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಜೂನ್‌ನಿಂದ ಶೀತ ಹಿಡಿದು, ರ‍್ಯಾಮಿನ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಮಬ್ಬು ಕೂರುತ್ತದೆ. ಪರದೆ ಕಪ್ಪಗಿದ್ದು ಬೀಪ್ ಬೀಪ್ ಅನ್ನುತ್ತಿದ್ದರೆ ಮೊದಲು ಪವರ್ ಕೇಬಲ್ ಕಿತ್ತು, ಆನ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಬರಿ ಲೋಹ ಮುಟ್ಟಿ, ಆಮೇಲೆ ರ‍್ಯಾಮ್ ತೆಗೆಯಿರಿ. ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಪಟ್ಟಿಗಳನ್ನು ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಸ್ಲಾಟಿನ ಧೂಳನ್ನು ಒಣ ಬ್ರಷ್ಷಿನಿಂದ ತೆಗೆಯಿರಿ. ಮರಳುಕಾಗದ ಮುಟ್ಟಿಸಲೇಬಾರದು, ಲೇಪ ಕಿತ್ತುಹೋಗುತ್ತದೆ. ಕೊಕ್ಕೆ ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿ. ಎರಡಿದ್ದರೆ ಒಂದೊಂದನ್ನೇ ಹಾಕಿ ನೋಡಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ನಿಧಾನದ ದೂರಿಗೆ ದಾರಿ ಬೇರೆ. ದಿನಾ ಬಳಸುವ ಬ್ರೌಸರ್, ನುಡಿ, ಟ್ಯಾಲಿ ಎಲ್ಲ ತೆರೆದಿಟ್ಟು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಮೆಮೊರಿ ಶೇ 90 ದಾಟಿದ್ದರೆ ರ‍್ಯಾಮ್ ಬೇಕು. ಮೆಮೊರಿ ಅರ್ಧ ಖಾಲಿಯಿದ್ದೂ ಡಿಸ್ಕ್ ಶೇ 100ರಲ್ಲೇ ನಿಂತಿದ್ದರೆ ಅಡ್ಡಿ ಹಳೆಯ ಹಾರ್ಡ್‌ಡಿಸ್ಕಿನದು. ಅದೇ ಹಣಕ್ಕೆ ಹೆಚ್ಚು ವೇಗದ ಹೊಸ ಬಗೆಯ ಡಿಸ್ಕಾದ ಎಸ್‌ಎಸ್‌ಡಿ ಹಾಕಿಸಿ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಎಂದಿದ್ದರೂ ಕಚೇರಿ ಕೆಲಸಕ್ಕೆ 8, ಫೋಟೊ ಮತ್ತು ಡಿಟಿಪಿಗೆ 16 ಇರಲಿ. 32 ಬಿಟ್ ವಿಂಡೋಸ್ ಇದ್ದರೆ ಮಾತ್ರ 4 ಜಿಬಿ ಮೇಲಿನದು ವ್ಯರ್ಥ.

ಕೊಳ್ಳುವಾಗ ಜಿಬಿ ಒಂದನ್ನೇ ಹೇಳಿದರೆ ಸಾಲದು. ಡಿಡಿಆರ್3, 4, 5 ಎಂದರೆ ರ‍್ಯಾಮಿನ ಒಂದರ ನಂತರದ ಒಂದು ತಲೆಮಾರು. ಡೆಸ್ಕ್‌ಟಾಪಿನಲ್ಲಿ ಡಿಡಿಆರ್3ಗೆ 240 ಪಿನ್, 1.5 ವೋಲ್ಟ್, ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್, ಆದರೆ 1.2 ಮತ್ತು 1.1 ವೋಲ್ಟ್. ನಡುವಿನ ಕಚ್ಚಿನ ಜಾಗ ಮೂರರಲ್ಲೂ ಬೇರೆ. ಒಂದರ ಸ್ಲಾಟಿಗೆ ಇನ್ನೊಂದು ಕೂರದು, ಬಲವಂತ ಮಾಡಿದರೆ ಸ್ಲಾಟ್ ಮುರಿಯುತ್ತದೆ. ಶಾಲಾ ಲ್ಯಾಬುಗಳಲ್ಲಿ ಇನ್ನೂ ಓಡುತ್ತಿರುವ ಹಳೆಯ ಎಚ್61 ಬೋರ್ಡಿಗೆ (ಬಿಡಿಭಾಗಗಳು ಕೂರುವ ಮದರ್‌ಬೋರ್ಡ್) ಹೆಚ್ಚೆಂದರೆ 16 ಜಿಬಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಕೆಲವು ಡಿಡಿಆರ್3 ರ‍್ಯಾಮ್ ಎಎಂಡಿ ಬೋರ್ಡಿಗೆ ಮಾತ್ರ. ಇಂಟೆಲ್ ಬೋರ್ಡಿಗೆ ಹಾಕಿದರೆ ಆನ್ ಆಗುವುದೇ ಇಲ್ಲ. ವಿವರಣೆಯ ಕೊನೆಯ ಸಾಲಿನವರೆಗೂ ಓದಿ.

ಒಂದೇ ರ‍್ಯಾಮಿಗಿಂತ ಸಮನಾದ ಜೋಡಿ ಮೇಲು, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಡೆಯಂತೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ನಾಲ್ಕು ಸ್ಲಾಟಿದ್ದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯದು, ನಾಲ್ಕನೆಯದರಲ್ಲಿ ಜೋಡಿ ಹಾಕಿ. ವೇಗ ಬೇರೆಬೇರೆಯಾದರೆ ಎರಡೂ ಕಡಿಮೆ ವೇಗದಲ್ಲೇ ಓಡುತ್ತವೆ.

ಅಂಗಡಿಯವರಲ್ಲಿ ಕೋರಿಕೆ: ಬಿಲ್ಲಿನಲ್ಲಿ ಬರೀ ‘ರ‍್ಯಾಮ್’ ಎಂದು ಬರೆಯದೆ ಬಗೆ, ಜಿಬಿ, ವೇಗ, ಸೀರಿಯಲ್ ನಂಬರ್, ವಾರಂಟಿ ಬರೆದುಕೊಡಿ. ಗ್ರಾಹಕರು ಒಂದು ರಾತ್ರಿ ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ ಮೆಮ್‌ಟೆಸ್ಟ್86 ಓಡಿಸಲಿ. ಒಂದೇ ಒಂದು ತಪ್ಪು ತೋರಿಸಿದರೂ ಬದಲಿಸಿಕೊಳ್ಳಬೇಕು. ಬಿಚ್ಚಿದ ಹಳೆಯ ರ‍್ಯಾಮನ್ನು ಕೇಳಿ ವಾಪಸ್ ಪಡೆಯಿರಿ. ಶಾಲೆಯದಾದರೆ ಅದು ಅದೇ ಲ್ಯಾಬಿನ ಇನ್ನೊಂದು ಕಂಪ್ಯೂಟರಿನ ಖಾಲಿ ಸ್ಲಾಟಿಗೆ ಆದೀತು.

– ಕಂಪ್ಯೂಟರ್ ದುರಸ್ತಿಗಾರ, ಚಿಕ್ಕಮಗಳೂರು