ಬಾಗಿಲಿನ ಹಿಂಬದಿಯನ್ನೂ ತೋರಿಸಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಮೂರಿಶ್ ಶೈಲಿಯ, ಅಂದರೆ ಉತ್ತರ ಆಫ್ರಿಕಾ ಹಾಗೂ ಮುಸ್ಲಿಂ ಆಳ್ವಿಕೆಯ ಸ್ಪೇನಿನಲ್ಲಿ ಬೆಳೆದ ಮರಗೆಲಸದ ಬಗ್ಗೆ ಬಂದ ಬರಹ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಆದರೆ ಬಾಗಿಲು, ಪೆಟ್ಟಿಗೆಗಳ ಮೇಲಿನ ನಕ್ಷತ್ರಗಳನ್ನೆಲ್ಲ ‘ಬರೀ ಅಲಂಕಾರದ ಹುಚ್ಚು’ ಎಂದದ್ದು ನನಗೆ ಹಿಡಿಸಲಿಲ್ಲ. 34 ವರ್ಷ ಉಳಿ ಹಿಡಿದವನು, ಸುಮ್ನೆ ಇರಲಾಗಲಿಲ್ಲ.

ಎರಡು ವರ್ಷದ ಹಿಂದೆ ಮಗಳ ಜೊತೆ ಮೊರಾಕ್ಕೋದ ಫೆಜ್ ನಗರಕ್ಕೆ ಹೋಗಿದ್ದೆ. ಅಲ್ಲಿ ನೆಜ್ಜಾರೀನ್ ಎಂಬ ಚೌಕವಿದೆ. ಹಾಗೆಂದರೆ ಬಡಗಿಗಳು ಎಂದೇ ಅರ್ಥ. ವರ್ತಕರು ಇಳಿದುಕೊಳ್ಳುತ್ತಿದ್ದ ಹಳೇ ಛತ್ರವೊಂದು ಈಗ ಮರಗೆಲಸದ ಮ್ಯೂಸಿಯಂ ಆಗಿದೆ. ಮಗಳು ಎಲ್ಲದರ ಮುಂಭಾಗದ ಫೋಟೊ ತೆಗೆದಳು. ನನ್ನ ಕಣ್ಣು ಸಂದುಗಳ ಮೇಲೇ.

ಹತ್ತಿರದ ಅಂಗಡಿಯಲ್ಲಿ ಒಬ್ಬರು ಅರ್ಧ ಆದ ಬಾಗಿಲನ್ನು ಬೋರಲು ಹಾಕಿಕೊಂಡು ಕೂತಿದ್ದರು. ಅಟ್ಲಾಸ್ ಬೆಟ್ಟದ ಸೀಡರ್ ಮರ, ಹಿಮಾಲಯದ ದೇವದಾರುವಿನ ದಾಯಾದಿ. ಘಮಘಮ ಅನ್ನುತ್ತಿತ್ತು. ಭಾಷೆ ಬರಲಿಲ್ಲ, ಕೈಸನ್ನೆಯೇ ಸಾಕಾಯಿತು. ಅಗಲದ ಹಲಗೆ ಒಣಹವೆಗೆ ಕುಗ್ಗುತ್ತದೆ, ಬಾಗುತ್ತದೆ, ಸೀಳು ಬಿಡುತ್ತದೆ. ಅದಕ್ಕೇ ಅಂಗೈಗಿಂತ ಚಿಕ್ಕ ತುಂಡುಗಳು. ಪಟ್ಟಿಗಳ ಅಂಚಿನಲ್ಲಿ ಸಣ್ಣ ಕಾಲುವೆ ಕೊರೆದು, ತುಂಡನ್ನು ಅಂಟು ಹಾಕದೆ ಅದರೊಳಗೆ ಕೂರಿಸುತ್ತಾರೆ. ಬೇಸಿಗೆಯಲ್ಲಿ ಅದು ಕೂದಲೆಳೆಯಷ್ಟು ಕುಗ್ಗಿದರೂ ಬಾಗಿಲಿಗೆ ಏನೂ ಆಗುವುದಿಲ್ಲ. ಎಂಟು ಮೂಲೆಯ ನಕ್ಷತ್ರ ಮರದ ಈ ಗುಣಕ್ಕೆ ಹೊಂದಿಕೊಂಡು ಬಂದದ್ದು, ಅಲ್ವಾ? ಉಳಿದ ಚೂರೂ ವ್ಯರ್ಥವಾಗುವುದಿಲ್ಲ, ಇದು ನಮ್ಮಂಥವರಿಗೆ ಮಾತ್ರ ತಿಳಿಯುವ ಸಂತೋಷ. (ಸ್ಪೇನಿನ ಗ್ರನಾಡ ನಗರದ ತಾರಾಸೆಯಾ ಎಂಬ ಕೆಲಸ ಬೇರೆ. ಅಲ್ಲಿ ಮೂಳೆ, ಮುತ್ತಿನ ಚಿಪ್ಪು, ಬಣ್ಣಬಣ್ಣದ ಮರದ ಚೂರುಗಳನ್ನು ಅಂಟಿಸಿಯೇ ಮಾಡುವುದು.)

ಇನ್ನೊಂದು ಮಾತು. 1492ರಲ್ಲಿ ಸ್ಪೇನಿನ ಕೊನೆಯ ಮುಸ್ಲಿಂ ರಾಜ್ಯವಾದ ಗ್ರನಾಡ ಕ್ರೈಸ್ತ ದೊರೆಗಳ ಕೈಗೆ ಬಿದ್ದ ಮೇಲೆ ಸ್ಪೇನಿನಲ್ಲಿ ಈ ಕಲೆ ಮುಗಿಯಿತು ಎಂದು ಬರೆದಿದ್ದೀರಿ. ಹಾಗೇನಿಲ್ಲ. ಅದಕ್ಕೂ ಮೊದಲೇ ಕ್ರೈಸ್ತ ದೊರೆಗಳು ಇದೇ ಕೆಲಸ ಮಾಡಿಸಿಕೊಳ್ಳುತ್ತಿದ್ದರು. ಸ್ಪೇನಿನ ಸೆವಿಲ್ ನಗರದ ಅರಮನೆಯ ದರ್ಬಾರು ಕೋಣೆಯ ಬಾಗಿಲುಗಳು 1366ರವು, ಟೊಲೆಡೊ ಊರಿನ ಬಡಗಿಗಳು ಮಾಡಿದವು. ಕಟ್ಟಿಸಿದ ಪೆದ್ರೊ ದೊರೆ ಕ್ರೈಸ್ತ, ಬಾಗಿಲ ಮೇಲೆ ಅರಬ್ಬಿ ಬರಹ! 1633ರಲ್ಲೂ ಸೆವಿಲ್‌ನ ಬಡಗಿ ದಿಯೆಗೊ ಲೋಪೆಸ್ ದೆ ಅರೆನಾಸ್ ಈ ನಕ್ಷತ್ರಗಳ ಲೆಕ್ಕಾಚಾರವನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ. ಕೆಲಸ ಸಮುದ್ರ ದಾಟಿಯೂ ಹೋಗಿದೆ. ಮೊರಾಕ್ಕೋದ ಮರಕೇಶ್‌ನ ಬಾದಿ ಅರಮನೆಯಲ್ಲಿ ಈಗಿರುವ, ಮಸೀದಿಯಲ್ಲಿ ಪ್ರವಚನಕ್ಕೆ ಹತ್ತುವ ಸುಮಾರು 4 ಮೀಟರ್ ಎತ್ತರದ ಮೆಟ್ಟಿಲು ಪೀಠವನ್ನು ಕಡೆಯಲು ಶುರುಮಾಡಿದ್ದು 1137ರಲ್ಲಿ, ಸ್ಪೇನಿನ ಕಾರ್ಡೊಬಾದಲ್ಲಿ. ‘ಮೂರ್’ ಎಂಬ ಹೆಸರು ಯುರೋಪಿನವರು ಇಟ್ಟದ್ದು. ಯಾರ್ಯಾರನ್ನೋ ಒಂದೇ ಚೀಲಕ್ಕೆ ತುಂಬಿದ ಹೆಸರು ಅದು.

ಮುಂದಿನ ಸಲ ಇಂಥ ಬಾಗಿಲಿನ ಫೋಟೊ ಹಾಕುವಾಗ ಹಿಂಬದಿಯದ್ದೂ ಒಂದು ಹಾಕಿ. ಬೇಕಿದ್ದರೆ ನಾನು ತೆಗೆದದ್ದಿದೆ, ಸ್ವಲ್ಪ ಅಲುಗಾಡಿದೆ ಅಷ್ಟೆ.

ಇಂತಿ,
ಒಬ್ಬ ನಿವೃತ್ತ ಬಡಗಿ