ಶಾಸಕರೇ, ಶಾಲು ಸಾಕು, ಗ್ರೌಂಡಿನ ಗೇಟ್ ತೆಗೆಸ್ರಿ

ಮಾನ್ಯ ಶಾಸಕರಿಗೆ ನಮಸ್ಕಾರ್ರೀ.

ನಾನು ರಾಯಚೂರು ಜಿಲ್ಲೆಯ ಒಬ್ಬ ಮಾಜಿ ಸೈನಿಕ. ಮುಖ ನೋಡಿದ್ರ ಗುರುತು ಹಿಡಿತೀರಿ, ಯಾಕಂದ್ರ ಪ್ರತಿ ವರ್ಷ ಜುಲೈ 26ಕ್ಕ, ಕಾರ್ಗಿಲ್ ವಿಜಯ ದಿವಸಕ್ಕ, ಸ್ಟೇಜಿಗೆ ಕರೆದು ಶಾಲು ಹೊದಿಸ್ತೀರಿ, ಫೋಟೋ ಆಗ್ತೈತಿ, ಆ ಫೋಟೋದಾಗ ನನ್ನ ಕೈಯಾಗ ಒಂದು ಅರ್ಜಿ ಇರ್ತೈತಿ, ಅದನ್ನ ನೀವು ಪಿಎ ಕೈಗೆ ಕೊಡ್ತೀರಿ, ಮುಂದ ಅದು ಎಲ್ಲಿ ಹೋಗ್ತೈತೋ ಆ ದೇವರಿಗೇ ಗೊತ್ತು. ಕೇಳಿದ್ದು ಒಂದೇ ರೀ. ತಾಲೂಕು ಗ್ರೌಂಡಿನ ಗೇಟ್ ಬೆಳಗಿನ ನಾಲ್ಕೂವರೆಗೆ ತೆಗೆಸ್ರಿ, ಆರ್ಮಿ ಭರ್ತಿಗೆ ತಯಾರಿ ಮಾಡೋ ಹುಡುಗ್ರು ಓಡಬೇಕು.

ಈ ಸಲ ಭಾಷಣದಾಗ ಏನಂದ್ರಿ? "ನಮ್ಮ ಕಮಾಂಡೋಗಳು ರಾತ್ರೋರಾತ್ರಿ ನುಗ್ಗಿ ಹೊಡೆದು ಬಂದ್ರು, ಎದಿಯಾಗ ಧೈರ್ಯ ಇದ್ರ ಸಾಕು." ಜನ ಚಪ್ಪಾಳಿ ಹೊಡೆದ್ರು. ನಾನು ಹೊಡಿಲಿಲ್ಲ. ಕಾಶ್ಮೀರದ ಉರಿಯಾಗ ನಮ್ಮ ಸೇನಾ ಕ್ಯಾಂಪಿನ ಮ್ಯಾಲ ದಾಳಿ ಆಗಿದ್ದು 2016ರ ಸೆಪ್ಟೆಂಬರ್ 18ಕ್ಕ, ನಮ್ಮವರು ಎಲ್‌ಓಸಿ (ಪಾಕಿಸ್ತಾನದ ಕಡೆಗಿನ ನಿಯಂತ್ರಣ ರೇಖೆ) ದಾಟಿ ಹೊಡೆದಿದ್ದು 28ರ ರಾತ್ರಿ. ನಡುವಿನ ಹತ್ತು ದಿನ ಏನು ಎಲ್ರೂ ಮಲಗಿದ್ರು ಅನ್ಕೊಂಡೀರೇನು?

ನಾನು ಸ್ಪೆಷಲ್ ಫೋರ್ಸ್‌ನವ ಅಲ್ಲ, ಇನ್‌ಫಂಟ್ರಿಯಾಗ ಮುಂದ ನುಗ್ಗಿ ಹೊಡೆಯೋ ಸಣ್ಣ ತುಕಡಿ ಅಂದ್ರ ಘಾತಕ್ ಪ್ಲಟೂನ್‌ನಾಗ ಇದ್ದವ, ಆದ್ರ ಸಣ್ಣ ರೇಡ್ ಹೆಂಗ ತಯಾರಾಗ್ತೈತಿ ಅಂತ ನಾಲ್ಕು ಮಾತು ಹೇಳಬಲ್ಲೆ. ಮೊದಲು ಒಂದಿಬ್ರು ಹೋಗಿ ಸುಮ್ನ ಬಿದ್ಕೊಂಡು ನೋಡ್ತಾರ: ಸೆಂಟ್ರಿ ಎಷ್ಟು ಜನ, ಡ್ಯೂಟಿ ಯಾವಾಗ ಬದಲಾಗ್ತೈತಿ, ನಾಯಿ ಅದಾವೋ, ಚಂದ್ರ ಎಷ್ಟೊತ್ತಿಗೆ ಹುಟ್ತಾನ. ಆಮ್ಯಾಲ ನೆಲದ ಮ್ಯಾಲ ಮಣ್ಣು, ಕಲ್ಲು, ದಾರ ಇಟ್ಟು ಆ ಜಾಗದ ಸಣ್ಣ ನಮೂನಿ, ಸ್ಯಾಂಡ್ ಮಾಡೆಲ್, ಮಾಡ್ತೀವಿ. ಒಬ್ಬೊಬ್ಬನೂ ತನ್ನ ಕೆಲಸ ಬಾಯಿಬಿಟ್ಟು ಹೇಳಬೇಕು, ಪಕ್ಕದವನ ಕೆಲಸನೂ ಹೇಳಬೇಕು, ಯಾಕಂದ್ರ ಅವನಿಗೆ ಗುಂಡು ಬಿದ್ರ ಅದು ನಿನ್ನ ಕೆಲಸ. ಒಂದು ಗುಂಪು ಒಳಗ ನುಗ್ಗೋದು, ಇನ್ನೊಂದು ದೂರದಿಂದ ಫೈರ್ ಕೊಟ್ಟು ಕಾಯೋದು, ಮತ್ತೊಂದು ವೈರಿಗೆ ಸಹಾಯಕ್ಕ ಬರೋರ ದಾರಿ ಕಟ್ ಮಾಡೋದು. ಹೋದ ದಾರೀಲೇ ವಾಪಸ್ ಬರಂಗಿಲ್ಲ. ಹೊರಡೋ ಮುಂಚೆ ಎಲ್ರೂ ನಿಂತಲ್ಲೇ ಜಿಗಿದು ನೋಡ್ತೀವಿ, ಬಕಲೋ ಬಾಟ್ಲಿಯೋ ಸಪ್ಪಳ ಮಾಡಿದ್ರ ಟೇಪ್ ಸುತ್ತೋದು. ಒಳಗಿನ ಕೆಲಸ ಕೆಲವೇ ನಿಮಿಷ. ವಾಪಸ್ ಬರೋದು ಕಷ್ಟ, ಅಷ್ಟೊತ್ತಿಗೆ ವೈರಿ ಎದ್ದಿರ್ತಾನ.

ಇದೆಲ್ಲದರ ನಡುವೆ ರಿಹರ್ಸಲ್, ರಿಹರ್ಸಲ್, ರಿಹರ್ಸಲ್. ಹಗಲು ಮಾಡಿದ್ದನ್ನ ಮತ್ತ ಕತ್ತಲಾಗ. ಒಸಾಮಾನನ್ನ ಹೊಡೆಯೋಕ 2011ರಾಗ ಪಾಕಿಸ್ತಾನದ ಅಬೊಟ್ಟಾಬಾದ್‌ಗೆ ಹೋಗೋ ಮುಂಚೆ ಅಮೆರಿಕಾದವರು ಆ ಕಂಪೌಂಡಿನಂಥದ್ದೇ ಕಟ್ಟಿ ಪ್ರಾಕ್ಟೀಸ್ ಮಾಡಿದ್ರು. ಅಷ್ಟಾದ್ರೂ ಒಂದು ಹೆಲಿಕಾಪ್ಟರ್ ಅಲ್ಲೇ ಬಿತ್ತು. ಆದ್ರ ಬಿದ್ರ ಏನ್ ಮಾಡಬೇಕು ಅನ್ನೋದನ್ನೂ ಮೊದಲೇ ವಿಚಾರ ಮಾಡಿದ್ರು, ಬ್ಯಾಕಪ್ ಹೆಲಿಕಾಪ್ಟರ್ ಬಂತು, ಹೋದವ್ರೆಲ್ಲ ಜೀವಂತ ವಾಪಸ್ ಬಂದ್ರು. ರಿಹರ್ಸಲ್‌ಗೆ ಜಾಗ ಬೇಕು ಸಾಹೇಬ್ರ. ಅವರು ಕಂಪೌಂಡೇ ಕಟ್ಟಿದ್ರು, ನಾವು ಈಗಾಗಲೇ ಇರೋ ಗ್ರೌಂಡ್ ತೆಗೀರಿ ಅಂತ ಕೇಳಾಕತ್ತೀವಿ.

ಗ್ರೌಂಡಿಗೆ ಬೀಗ, ಹಂಗಾಗಿ ಹುಡುಗ್ರು ಕತ್ತಲಾಗ ಹೈವೇ ಬದಿಗೆ ಓಡ್ತಾರ. ಸುಗ್ಗಿ ಟೈಮಿನಾಗ ಭತ್ತದ ಲಾರಿಗಳು ಆ ರೋಡಿನಾಗ ಹೆಂಗ ಬರ್ತಾವ ನಿಮಗ ನಾನು ಹೇಳಬೇಕಾ. ಹೋದ ಸುಗ್ಗಿಯಾಗ ಒಬ್ಬ ಹುಡುಗಗ ಲಾರಿ ತಾಗಿ ಮೊಣಕಾಲು ಮುರೀತು. 1.6 ಕಿಲೋಮೀಟರ್ ಓಟದಾಗ ನಮ್ಮ ಹುಡುಗ್ರ ಬ್ಯಾಚಿನಾಗ ಅವನೇ ಫಸ್ಟ್ ಇದ್ದ. ಅವರಪ್ಪ ಕೂಲಿ ಮಾಡೋನು, ಆಸ್ಪತ್ರಿ ಬಾಗ್ಲಾಗ ನನ್ನ ಮುಖ ನೋಡಿ ಒಂದೇ ಮಾತು ಕೇಳಿದ, "ಮುಂದಿನ ಭರ್ತಿಗೆ ಆಗ್ತಾನೇನ್ರೀ?" ಏನ್ ಹೇಳ್ಲಿ ನಾನು, ನೀವೇ ಹೇಳ್ರಿ. ಅದೇ ವಾರ ಆ ಗ್ರೌಂಡಿನಾಗ ನಿಮ್ಮ ಹುಟ್ಟುಹಬ್ಬದ ಪೆಂಡಾಲ್ ಹಾಕಿದ್ರು. ಗೇಟ್ ಹಗಲೂ ರಾತ್ರಿ ಓಪನ್ ಇತ್ತು, ಡಿಜೆ ಬಂತು, ಊಟಕ್ಕ ಸಾಲು ಹಚ್ಚಿತ್ತು, ಅದಕ್ಕೆಲ್ಲ ಯಾವ ಪರ್ಮಿಷನ್ ಯಾರು ಕೊಟ್ರೋ. ನಾವು ಹೋದ್ರ ಮಾತ್ರ ವಾಚ್‌ಮನ್ "ಆರ್ಡರ್ ಇಲ್ಲ" ಅಂತಾನ. ಪಾಪ, ಅವನ ತಪ್ಪೇನಿಲ್ಲ.

ಸರ್ಕಾರಿ ಗ್ರೌಂಡ್ ಯಾರಿಗೆ ಅಂತ ರೂಲ್ಸ್ ನಿಮಗೆ ನನಗಿಂತ ಚಲೋ ಗೊತ್ತು. ಗೇಟ್ ತೆಗೆಸ್ರಿ. ಲೈಟ್ ಬ್ಯಾಡ, ಟ್ರ್ಯಾಕ್ ಬ್ಯಾಡ, ರೊಕ್ಕನೂ ಬ್ಯಾಡ, ಬರೀ ಗೇಟ್ ತೆಗೆಸ್ರಿ. ನಾಲ್ಕೂವರೆಗೆ ನಾನೇ ಬಂದು ತೆಗಿತೀನಿ, ಏಳಕ್ಕ ನಾನೇ ಬೀಗ ಹಾಕ್ತೀನಿ, ಒಂದು ಕೀ ನನ್ನ ಹೆಸರಿಗೆ ಬರೆಸಿ ಸಹಿ ತಗೊಳ್ರಿ. ಇದು ನಿಮ್ಮ ಕೈಯಾಗ ಇಲ್ಲ, ಇಲಾಖೆ ಕೈಯಾಗ ಐತಿ ಅಂದ್ರ ಹಂಗರ ಬರೆದು ಕೊಡ್ರಿ, ಅವರ ಬಾಗ್ಲಿಗೆ ಹೋಗಿ ಕೂಡ್ತೀನಿ.

ಇಂತಿ,
ತಾಲೂಕಿನ ಒಬ್ಬ ಮಾಜಿ ಸೈನಿಕ