ಫುಟ್‌ಬಾಲ್‌ಗೆ ದರ್ಶನ ಸಾಕು, ಪಂದ್ಯ ಬೇಕು

ಮಾನ್ಯರೆ,

ಇಂಡಿಯನ್ ಸೂಪರ್ ಲೀಗ್ ಫೆಬ್ರುವರಿ 14ರಂದು ಆರಂಭವಾಗಲಿದೆ ಎಂದು ಕೇಂದ್ರ ಕ್ರೀಡಾ ಸಚಿವ ಮನ್ಸುಖ್ ಮಾಂಡವಿಯಾ ಅವರು 2026ರ ಜನವರಿ 6ರಂದು ಘೋಷಿಸಿದ ಸುದ್ದಿಯನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಹದಿನಾಲ್ಕು ತಂಡಗಳು, ಒಟ್ಟು 91 ಪಂದ್ಯಗಳು. ಅಂದರೆ ಪ್ರತಿ ತಂಡವೂ ಉಳಿದ ತಂಡಗಳನ್ನು ಒಮ್ಮೆ ಮಾತ್ರ ಎದುರಿಸುತ್ತದೆ. ಹಿಂದಿನ ಋತುವಿನ ಲೀಗ್ ಹಂತದಲ್ಲಿ ತಂಡವೊಂದಕ್ಕೆ 24 ಪಂದ್ಯಗಳಿದ್ದವು, ಈ ಸಲ 13. ಉಪ್ಪಿನಕಾಯಿ, ಕೋಸಂಬರಿ ಬಡಿಸಿ ಎಲೆ ಎತ್ತಿದ ಹಾಗಾಯಿತು ಎಂದು ಕಂಠೀರವ ಕ್ರೀಡಾಂಗಣದಲ್ಲಿ ನನ್ನ ಪಕ್ಕ ಕೂರುವ ಗೆಳೆಯರು ಹೇಳಿದರು. ಎಲೆಯನ್ನೇ ಹಾಕದೆ ತಿಂಗಳುಗಟ್ಟಲೆ ಕಾಯಿಸಿದ್ದನ್ನು ನೆನೆದರೆ ಇದಕ್ಕೂ ಸಂತೋಷಪಡಬೇಕು.

ಈ ಲೀಗ್ ನಿಲ್ಲುವುದಕ್ಕೆ ಯಾವ ದೊಡ್ಡ ವಿಪತ್ತೂ ಬಂದಿರಲಿಲ್ಲ. ಕೊರೊನಾ ಕಾಲದಲ್ಲೂ ಗೋವಾದ ಖಾಲಿ ಅಂಗಳಗಳಲ್ಲಿ ತಪ್ಪದೆ ನಡೆದ ಲೀಗ್ ಇದು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರ ಡಿಸೆಂಬರ್‌ನಲ್ಲಿ ಹದಿನೈದು ವರ್ಷಗಳ ಅವಧಿಗೆ ಮಾಡಿಕೊಂಡ, ಈ ಲೀಗ್‌ಗೆ ಆಧಾರವಾದ ವಾಣಿಜ್ಯ ಹಕ್ಕುಗಳ ಒಪ್ಪಂದವು 2025ರ ಡಿಸೆಂಬರ್ 8ಕ್ಕೆ ಮುಗಿಯುತ್ತದೆ ಎಂಬುದು ಸಹಿ ಬಿದ್ದ ದಿನದಿಂದಲೇ ಎಲ್ಲರಿಗೂ ಗೊತ್ತಿತ್ತು. ಹೀಗಿದ್ದರೂ 2025ರ ಜುಲೈನಲ್ಲಿ ಲೀಗನ್ನು ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟಾವಧಿಗೆ ನಿಲ್ಲಿಸಿತು. ಫೆಡರೇಷನ್‌ನ ಸಂವಿಧಾನದ ವ್ಯಾಜ್ಯವು ಸುಪ್ರೀಂ ಕೋರ್ಟ್‌ನಲ್ಲಿ ಇತ್ಯರ್ಥವಾಗುವವರೆಗೆ ಯಾರೂ ಕೈಹಾಕಲಿಲ್ಲ. ಕೊನೆಗೆ ಹೊಸ ಹಕ್ಕುದಾರರಿಗಾಗಿ ಟೆಂಡರ್ ಕರೆದರೆ ನವೆಂಬರ್ 7ರ ಗಡುವಿನೊಳಗೆ ಒಂದೇ ಒಂದು ಬಿಡ್ ಕೂಡ ಬರಲಿಲ್ಲ. ಮಗಳ ಮದುವೆಗೆ ಮುಹೂರ್ತ ಗೊತ್ತಾಗಿದ್ದರೂ ಛತ್ರ ಹಿಡಿಯದೆ, ಹಿಂದಿನ ಸಂಜೆ ಬೀದಿ ಬೀದಿ ಅಲೆಯುವ ತಂದೆಯನ್ನು ಕಂಡರೆ ನಮಗೆ ಕನಿಕರ ಹುಟ್ಟೀತು. ಇಲ್ಲಿ ಅಷ್ಟೂ ಹುಟ್ಟುವುದಿಲ್ಲ, ಏಕೆಂದರೆ ಈ ತಂದೆಗೆ ಹದಿನೈದು ವರ್ಷಗಳ ಕಾಲಾವಕಾಶವಿತ್ತು.

ಒಪ್ಪಂದ ಮುಗಿದ ಐದನೇ ದಿನ, ಅಂದರೆ ಡಿಸೆಂಬರ್ 13ರಂದು, ಲಯೊನೆಲ್ ಮೆಸ್ಸಿ ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣಕ್ಕೆ ಬಂದರು. ಸಾವಿರಾರು ರೂಪಾಯಿ ತೆತ್ತು ಟಿಕೆಟ್ ಕೊಂಡವರು ಗ್ಯಾಲರಿಯಲ್ಲಿದ್ದರು; ರಾಜಕಾರಣಿಗಳು, ಅಧಿಕಾರಿಗಳು ಮತ್ತು ಅವರ ಬಳಗದವರು ಅಂಗಳದಲ್ಲಿ ಮೆಸ್ಸಿಯ ಸುತ್ತ ಗೋಡೆಯಂತೆ ನಿಂತಿದ್ದರು. ಮೆಸ್ಸಿ ಅಲ್ಪಹೊತ್ತಿನಲ್ಲೇ ಹೊರಟುಹೋದಾಗ, ಅವರ ಮುಖವನ್ನೂ ಕಾಣದ ಜನ ಕುರ್ಚಿ ಕಿತ್ತು ಎಸೆದರು, ಅಂಗಳಕ್ಕೆ ನುಗ್ಗಿದರು. ಮುಖ್ಯಮಂತ್ರಿಯೇ ಕ್ಷಮೆ ಕೋರಬೇಕಾಯಿತು, ಆಯೋಜಕನ ಬಂಧನವಾಯಿತು. ಮರುದಿನ ಮುಂಬೈನ ವಾಂಖೆಡೆ ಕ್ರೀಡಾಂಗಣದಲ್ಲಿ ನಮ್ಮ ಸುನಿಲ್ ಚೆಟ್ರಿ ಅದೇ ಮೆಸ್ಸಿಯ ಕೈಯಿಂದ ಅರ್ಜೆಂಟೀನಾದ ಅಂಗಿಯನ್ನು ಪಡೆದು ನಗುತ್ತಾ ನಿಂತ ಚಿತ್ರ ಪತ್ರಿಕೆಗಳಲ್ಲಿ ಬಂತು. ದೇಶಕ್ಕಾಗಿ 95 ಗೋಲು ಹೊಡೆದ ಆಟಗಾರನಿಗೆ ಆ ದಿನ ಆಡಲು ಒಂದು ಲೀಗ್ ಇರಲಿಲ್ಲ. ಕೆಲವೇ ವಾರಗಳ ನಂತರ, ತಮ್ಮ ಆಟವನ್ನು ಉಳಿಸಿಕೊಡಿ ಎಂದು ಅವರೂ ಭಾರತ ತಂಡದ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು, ಸಂದೇಶ್ ಜಿಂಗನ್ ಮೊದಲಾದವರೂ ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾಕ್ಕೆ ಮೊರೆ ಇಡಬೇಕಾಯಿತು.

ಮೆಸ್ಸಿಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆತನ ಆಟ ನೋಡಲು ನಡುರಾತ್ರಿ ಅಲಾರಂ ಇಟ್ಟು ಎದ್ದವರಲ್ಲಿ ನಾನೂ ಒಬ್ಬ. ನನ್ನ ತಕರಾರು ಇರುವುದು ಜನರನ್ನು ಕರೆಯುವ ಬಗೆಯ ಮೇಲೆ. ಕೋಲ್ಕತ್ತದ ದೃಶ್ಯಗಳನ್ನು ಟಿವಿಯಲ್ಲಿ ನೋಡುವಾಗ ನನಗೆ ನೆನಪಾದದ್ದು 2025ರ ಜೂನ್ 4. ಹದಿನೆಂಟು ವರ್ಷ ಕಾದು ಆರ್‌ಸಿಬಿ ಟ್ರೋಫಿ ಗೆದ್ದ ಮರುದಿನ, ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತಕ್ಕೆ ಸಿಕ್ಕಿ 11 ಮಂದಿ ಸತ್ತರು. ಆ ದಿನ ಅಲ್ಲಿ ಪಂದ್ಯವೇ ಇರಲಿಲ್ಲ. ವಿಧಾನಸೌಧದ ಮೆಟ್ಟಿಲ ಮೇಲೆ ಒಂದು ಸನ್ಮಾನ, ಕ್ರೀಡಾಂಗಣದೊಳಗೆ ಇನ್ನೊಂದು. ಜನರು ಬಂದದ್ದು ಆಟ ನೋಡಲು ಅಲ್ಲ, ಆಟಗಾರರ ದರ್ಶನಕ್ಕೆ. ಕೋಲ್ಕತ್ತದಲ್ಲಿ ಆದದ್ದೂ ಅದೇ. ಅಲ್ಲಿ ಪ್ರಾಣ ಹೋಗಲಿಲ್ಲ ಎಂಬುದು ನಮ್ಮ ಪುಣ್ಯವೇ ಹೊರತು ವ್ಯವಸ್ಥೆಯ ಹೆಗ್ಗಳಿಕೆಯಲ್ಲ.

ಕಬ್ಬನ್ ಪಾರ್ಕಿನ ಒಂದು ಅಂಚಿನಲ್ಲಿ ಚಿನ್ನಸ್ವಾಮಿ ಇದೆ, ಇನ್ನೊಂದು ಅಂಚಿನಲ್ಲಿ ಕಂಠೀರವ. ಹತ್ತು ವರ್ಷಗಳಿಂದ ಕಂಠೀರವದ ಪಶ್ಚಿಮ ಗ್ಯಾಲರಿಗೆ ಹೋಗುತ್ತಿರುವ ನನಗೆ ಅಲ್ಲಿನ ಗುಂಪಿನ ಪರಿಚಯವಿದೆ. ಯಾವ ಗೇಟು ತಡವಾಗಿ ತೆರೆಯುತ್ತದೆ, ಮಧ್ಯಂತರದಲ್ಲಿ ಯಾವ ಮೆಟ್ಟಿಲು ಕಿಕ್ಕಿರಿಯುತ್ತದೆ, ಮಳೆ ಬಂದರೆ ಎಲ್ಲಿ ಸರಿದು ನಿಂತರೆ ನೆನೆಯುವುದಿಲ್ಲ ಎಂಬುದು ಅಲ್ಲಿನ ಹುಡುಗ ಹುಡುಗಿಯರಿಗೆಲ್ಲ ತಿಳಿದಿರುತ್ತದೆ. ಕೆಳಗಿನ ಕಂಬಿಯ ಹತ್ತಿರ ಒಬ್ಬ ತರುಣ ಅಂಗಳಕ್ಕೆ ಬೆನ್ನು ಮಾಡಿ, ನಮ್ಮ ಕಡೆ ಮುಖ ಮಾಡಿ, ತೊಂಬತ್ತು ನಿಮಿಷವೂ ಘೋಷಣೆ ಹೇಳಿಕೊಡುತ್ತಾನೆ. ಗೋಲು ಬಿದ್ದದ್ದು ಅವನಿಗೆ ತಿಳಿಯುವುದು ನಮ್ಮ ಮುಖ ನೋಡಿ. ಸಂಬಳವಿಲ್ಲದ ಈ ಕೆಲಸವನ್ನು ಅವನು ಏಕೆ ಮಾಡುತ್ತಾನೆ ಎಂದು ಒಮ್ಮೆ ಕೇಳಿದೆ. 'ಇಲ್ಲದಿದ್ದರೆ ಒಬ್ಬೊಬ್ಬರು ಒಂದೊಂದು ಕೂಗ್ತಾರೆ ಅಂಕಲ್' ಎಂದ. ಎದುರಾಳಿಯನ್ನು ಹೀಯಾಳಿಸುವುದರಲ್ಲಿ ಈ ಗುಂಪು ಯಾರಿಗೂ ಕಡಿಮೆಯಿಲ್ಲ, ಕೇರಳದ ತಂಡ ಬಂದ ದಿನವಂತೂ ಕೇಳುವುದೇ ಬೇಡ. ಆದರೂ ಸೋತ ದಿನವೂ ಆಟಗಾರರು ಗ್ಯಾಲರಿಯ ಮುಂದೆ ಬಂದು ನಿಲ್ಲುವವರೆಗೆ ಕಾದು, ಕೈ ಮೇಲೆತ್ತಿ ಅವರೊಂದಿಗೆ ನಿಧಾನವಾಗಿ ಚಪ್ಪಾಳೆ ತಟ್ಟಿಯೇ ಮನೆಗೆ ಹೋಗುತ್ತದೆ.

2023ರ ಜುಲೈ 4ರಂದು ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಷಿಪ್‌ನ ಫೈನಲ್ ಇದೇ ಅಂಗಳದಲ್ಲಿ ನಡೆದಾಗ ಕ್ರೀಡಾಂಗಣ ತುಂಬಿ ತುಳುಕುತ್ತಿತ್ತು. ಕುವೈತ್ ವಿರುದ್ಧ ಭಾರತದ ಪಂದ್ಯ 1–1ರಲ್ಲಿ ನಿಂತು ಪೆನಾಲ್ಟಿಗೆ ಹೋಯಿತು. ಕೊನೆಯ ಒದೆತವನ್ನು ಗುರುಪ್ರೀತ್ ತಡೆದಾಗ ಎದ್ದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅಷ್ಟು ಜನ ಅಷ್ಟೊಂದು ಆವೇಶದಿಂದ ಹೊರಬಂದರೂ ಗೇಟಿನಲ್ಲಿ ಯಾರೂ ಯಾರನ್ನೂ ತುಳಿಯಲಿಲ್ಲ. ಪೊಲೀಸರ ಪಾತ್ರ ಅದರಲ್ಲಿ ಖಂಡಿತ ಇದೆ. ಆದರೆ ಎಲ್ಲರ ಕೈಯಲ್ಲೂ ಟಿಕೆಟ್ ಇತ್ತು, ಟಿಕೆಟ್‌ಗೊಂದು ಸ್ಟ್ಯಾಂಡ್ ಇತ್ತು, ಮತ್ತು ಬಂದವರಲ್ಲಿ ಅರ್ಧದಷ್ಟು ಜನರಿಗೆ ಆ ಜಾಗ ಹೊಸದಲ್ಲ. ವಾರವಾರ ಸೇರುವ ಗುಂಪು ತನ್ನಷ್ಟಕ್ಕೇ ಒಂದು ಶಿಸ್ತನ್ನು ಕಲಿಯುತ್ತದೆ. ವರ್ಷಕ್ಕೊಮ್ಮೆ ಪುಕ್ಕಟೆಯಾಗಿ, ದಿಢೀರನೆ ಕರೆದ ಗುಂಪಿಗೆ ಅದು ಬರುವುದಿಲ್ಲ. ಜನಸಂದಣಿ ನಿಯಂತ್ರಣಕ್ಕೆ ಮಸೂದೆ ತರುವವರು ಈ ವ್ಯತ್ಯಾಸವನ್ನು ಗಮನಿಸಬೇಕು ಎಂಬುದಷ್ಟೇ ನನ್ನ ಅರಿಕೆ. ಫುಟ್‌ಬಾಲ್ ಪ್ರೇಕ್ಷಕರು ಹುಟ್ಟಾ ಸಾಧುಗಳೆಂದು ನಾನು ವಾದಿಸುತ್ತಿಲ್ಲ. 1980ರ ಆಗಸ್ಟ್ 16ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಈಸ್ಟ್ ಬೆಂಗಾಲ್–ಮೋಹನ್ ಬಾಗನ್ ಪಂದ್ಯದ ವೇಳೆ 16 ಮಂದಿ ಪ್ರಾಣ ಬಿಟ್ಟದ್ದನ್ನು ಆಗಿನ ಕಾಲದವರು ಮರೆತಿಲ್ಲ.

ನನ್ನ ತಂದೆ ಸಾರ್ವಜನಿಕ ಉದ್ದಿಮೆಯೊಂದರ ಕಾರ್ಮಿಕರು. ಅವರು ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಅಶೋಕನಗರದ ಕ್ರೀಡಾಂಗಣಕ್ಕೆ ಕರೆದೊಯ್ಯುತ್ತಿದ್ದರು. ಐಟಿಐ, ಎಚ್‌ಎಎಲ್, ಎಲ್‌ಆರ್‌ಡಿಇ, ಎಂಇಜಿ, ಎಎಸ್‌ಸಿಯಂಥ ಸರ್ಕಾರಿ ಉದ್ದಿಮೆ ಮತ್ತು ಸೇನೆಯ ತಂಡಗಳು ಆಡುತ್ತಿದ್ದ ಕಾಲವದು. ಆಡುವವರು ಬೆಳಿಗ್ಗೆ ಲೇತ್ ಯಂತ್ರದ ಮುಂದೆ ನಿಂತವರು, ನೋಡುವವರು ಅವರ ಪಕ್ಕದ ಯಂತ್ರದವರು. ಪೆನಾಲ್ಟಿಯಲ್ಲಿ ಗೋಲು ಹೊಡೆಯಲಾಗದವನಿಗೆ ಮರುದಿನ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುವುದೂ ಕಷ್ಟವಾಗುತ್ತಿತ್ತು. ಅದಕ್ಕೂ ಹಿಂದಿನ ಹೆಸರುಗಳನ್ನು ತಂದೆ ಪುರಾಣದಂತೆ ಹೇಳುತ್ತಿದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಮೈಸೂರು ತಂಡದವರು. ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್‌ನಲ್ಲಿ 'ಪಂಚ ಪಾಂಡವ'ರೆಂದು ಹೆಸರಾದ ಐವರು ಮುನ್ಪಡೆ ಆಟಗಾರರಲ್ಲಿ ಧನರಾಜ್ ಮತ್ತು ಅಹ್ಮದ್ ಖಾನ್ ಇಬ್ಬರೂ ಬೆಂಗಳೂರಿನ ಹುಡುಗರು. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಇವತ್ತಿಗೂ ಪೆಲೆಯ ಪ್ರತಿಮೆ ಇದೆ, ಅದನ್ನು ನಿಲ್ಲಿಸಿದವರು ಆ ಬೀದಿಯ ಜನ. ಅಲ್ಲಿ ಪ್ರತಿಮೆಗಿಂತ ಮೊದಲು ಆಟ ಬಂದಿತ್ತು ಎಂಬುದನ್ನು ಕೋಲ್ಕತ್ತದಲ್ಲಿ ಮೆಸ್ಸಿಗೆ 70 ಅಡಿಯ ಪ್ರತಿಮೆ ನಿಲ್ಲಿಸಿದವರಿಗೆ ಯಾರಾದರೂ ತಿಳಿಸಬೇಕು.

ಈಗಿನ ಸ್ಥಿತಿಯನ್ನು ನಮ್ಮ ಬಡಾವಣೆಯಲ್ಲೇ ನೋಡುತ್ತೇನೆ. ಸಾರ್ವಜನಿಕ ಮೈದಾನವೊಂದಕ್ಕೆ ಬೇಲಿ ಹಾಕಿ ಬೀಗ ಜಡಿದು ಎರಡು ವರ್ಷವಾಯಿತು. ಬೀಗದ ಕೈ ಯಾರ ಬಳಿ ಇದೆ ಎಂದು ಕೇಳಿದರೆ ಒಬ್ಬರು ಇನ್ನೊಬ್ಬರ ಹೆಸರು ಹೇಳುತ್ತಾರೆ. ಅದರ ಎದುರಿನ ಕಟ್ಟಡದ ತಾರಸಿಯ ಮೇಲೆ ಪ್ಲಾಸ್ಟಿಕ್ ಹುಲ್ಲಿನ ಟರ್ಫ್ ಬಂದಿದೆ, ಗಂಟೆಗೆ 1,200 ರೂಪಾಯಿ. ನನ್ನ ಮೊಮ್ಮಗ ಮತ್ತು ಅವನ ಗೆಳೆಯರು ಹತ್ತು ಮಂದಿ ಸೇರಿ ತಲಾ 120 ಹಾಕಿ ಆಡುತ್ತಾರೆ. ಅವರ ಜೊತೆ ಆಡುತ್ತಿದ್ದ, ಇಸ್ತ್ರಿ ಅಂಗಡಿಯವರ ಮಗ, ಅವರೆಲ್ಲರಿಗಿಂತ ಚೆನ್ನಾಗಿ ಎಡಗಾಲಲ್ಲಿ ಒದೆಯುತ್ತಿದ್ದ ಹುಡುಗ, ಈಗ ಬರುವುದಿಲ್ಲ. ಕಂಠೀರವದ ಕಥೆಯೂ ಇದಕ್ಕಿಂತ ಬೇರೆಯಲ್ಲ. ಅದು ಮೂಲತಃ ಅಥ್ಲೆಟಿಕ್ಸ್‌ಗೆಂದು ಇರುವ ಜಾಗ. ಫುಟ್‌ಬಾಲ್ ಬಂದ ಮೇಲೆ ಎಸೆತದ ಸ್ಪರ್ಧಿಗಳಿಗೆ ಅಭ್ಯಾಸಕ್ಕೆ ಜಾಗವಿಲ್ಲ ಎಂದು ಅಥ್ಲೀಟ್‌ಗಳು ದೂರಿದರು, ವ್ಯಾಜ್ಯ ಹೈಕೋರ್ಟ್‌ವರೆಗೂ ಹೋಯಿತು. ಫುಟ್‌ಬಾಲ್ ಅಭಿಮಾನಿಯಾಗಿದ್ದರೂ ಹೇಳುತ್ತೇನೆ, ಅವರ ದೂರು ನ್ಯಾಯವಾದದ್ದು. ಕೋಟಿಗೂ ಹೆಚ್ಚು ಜನರಿರುವ ನಗರದಲ್ಲಿ ಭರ್ಜಿ ಎಸೆಯುವವರೂ ಚೆಂಡು ಒದೆಯುವವರೂ ಒಂದೇ ಹುಲ್ಲಿಗಾಗಿ ಕಿತ್ತಾಡುವ ಹಾಗೆ ಮಾಡಿದ ತಪ್ಪು ಆ ಇಬ್ಬರದ್ದೂ ಅಲ್ಲ.

ಇಲ್ಲೊಂದು ಕಹಿ ನೆನಪನ್ನೂ ಹೇಳಿಬಿಡುತ್ತೇನೆ. 2023ರ ಮಾರ್ಚ್ 3ರ ರಾತ್ರಿ ಕಂಠೀರವದಲ್ಲಿ ಚೆಟ್ರಿ ಥಟ್ಟನೆ ಹೊಡೆದ ಫ್ರೀ ಕಿಕ್ ಗೋಲನ್ನು ಒಪ್ಪದೆ ಕೇರಳ ಬ್ಲಾಸ್ಟರ್ಸ್ ತಂಡ ಅಂಗಳದಿಂದಲೇ ಹೊರನಡೆಯಿತು. ಅದರ ಮಾರನೆಯ ದಿನ, ದೂರದ ರಿಯಾದ್‌ನಲ್ಲಿ, ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. ಹಿಂದಿನ ಸಲ ಗೆದ್ದಾಗ ರಾಜ್ಯದ ಹೆಸರು ಇನ್ನೂ ಮೈಸೂರು ಎಂದೇ ಇತ್ತು. ನಡುವೆ 54 ವರ್ಷಗಳು ಕಳೆದಿದ್ದವು. ಊರೆಲ್ಲ ಹೊರನಡೆದವರ ವಿಷಯವನ್ನೇ ಮಾತಾಡುತ್ತಿತ್ತು, ಗೆದ್ದುಬಂದವರನ್ನು ಕೇಳಿದವರು ಕಡಿಮೆ. ಹೆಣ್ಣುಮಕ್ಕಳ ಕಥೆಯೂ ಅಷ್ಟೆ. 2025ರ ಜುಲೈ 5ರಂದು ಥಾಯ್ಲೆಂಡ್ ತಂಡವನ್ನು ಅದರ ನೆಲದಲ್ಲೇ 2–1ರಿಂದ ಮಣಿಸಿ, ಅರ್ಹತಾ ಸುತ್ತು ಗೆದ್ದು ಏಷ್ಯನ್ ಕಪ್‌ಗೆ ಅರ್ಹತೆ ಪಡೆದ ಮೊದಲ ಭಾರತೀಯ ಮಹಿಳಾ ತಂಡ ಅದು. ಅದೇ ವರ್ಷದ ನವೆಂಬರ್‌ನಲ್ಲಿ ಪುರುಷರ ತಂಡ ಢಾಕಾದಲ್ಲಿ ಬಾಂಗ್ಲಾದೇಶಕ್ಕೆ 0–1ರಿಂದ ಸೋತಿತು. 22 ವರ್ಷಗಳಲ್ಲಿ ಆ ತಂಡದ ವಿರುದ್ಧ ನಾವು ಸೋತದ್ದು ಅದೇ ಮೊದಲು, ಮತ್ತು ಅಷ್ಟರಲ್ಲಿ 2027ರ ಏಷ್ಯನ್ ಕಪ್‌ನ ಆಸೆ ಮುಗಿದೇಹೋಗಿತ್ತು. ತಿಂಗಳುಗಟ್ಟಲೆ ಲೀಗ್ ಪಂದ್ಯವಿಲ್ಲದೆ ಕೂತ ಆಟಗಾರರಿಂದ ನಾವು ಬೇರೇನನ್ನು ನಿರೀಕ್ಷಿಸಿದ್ದೆವೋ ತಿಳಿಯದು.

ರಾಜ್ಯ ಫುಟ್‌ಬಾಲ್ ಸಂಸ್ಥೆಯವರೂ ಕ್ರೀಡಾ ಇಲಾಖೆಯವರೂ ಮಾಡಬಹುದಾದದ್ದು ಬಹಳ ದೊಡ್ಡದೇನಲ್ಲ. ಅಶೋಕನಗರದಲ್ಲಿ ಜಿಲ್ಲಾ ಲೀಗ್‌ನ ಪಂದ್ಯಗಳು ಕೆಲಸದ ದಿನ, ಮಧ್ಯಾಹ್ನದ ಬಿಸಿಲಿನಲ್ಲಿ ನಡೆಯುತ್ತವೆ. ನನ್ನಂಥ ನಿವೃತ್ತರು ನಾಲ್ಕು ಜನ, ಆಟಗಾರರ ಅಣ್ಣತಮ್ಮಂದಿರು ಹತ್ತು ಜನ ಬಿಟ್ಟರೆ ಮೆಟ್ಟಿಲುಗಳು ಖಾಲಿ. ಅವುಗಳಲ್ಲಿ ಕೆಲವನ್ನಾದರೂ ಶನಿವಾರ, ಭಾನುವಾರದ ಸಂಜೆಗೆ ತಂದು, ಹತ್ತಿಪ್ಪತ್ತು ರೂಪಾಯಿಯ ಟಿಕೆಟ್ ಇಟ್ಟು, ಶೌಚಾಲಯಕ್ಕೆ ನೀರು ಬಿಟ್ಟರೆ ಆಸುಪಾಸಿನ ಆಸ್ಟಿನ್ ಟೌನ್, ಶಾಂತಿನಗರ, ನೀಲಸಂದ್ರದ ಹುಡುಗರು ಬಂದೇ ಬರುತ್ತಾರೆ. ಜಿಲ್ಲಾ ಲೀಗ್ ನಡೆಸಲು ಪ್ರಸಾರದ ಹಕ್ಕು ಕೊಳ್ಳುವ ಯಾವ ಕಂಪನಿಯ ದಾರಿಯನ್ನೂ ಕಾಯಬೇಕಿಲ್ಲ, ಸುಪ್ರೀಂ ಕೋರ್ಟ್‌ನ ಅಪ್ಪಣೆಯೂ ಬೇಕಿಲ್ಲ.

ನಿಮ್ಮ ಪತ್ರಿಕೆಗೂ ಒಂದು ಕೋರಿಕೆ ಇದೆ. 'ನಗರದಲ್ಲಿ ಇಂದು' ಅಂಕಣದಲ್ಲಿ ಪುಸ್ತಕ ಬಿಡುಗಡೆ, ಹರಿಕಥೆ, ಸಂಗೀತ ಕಛೇರಿಗಳ ವೇಳೆ ಪ್ರತಿದಿನ ಬರುತ್ತದೆ. ಅದರ ಕೊನೆಯಲ್ಲಿ ಎರಡು ಸಾಲು ಜಾಗ ಮಾಡಿಕೊಟ್ಟು, ಅಂದು ಅಶೋಕನಗರದಲ್ಲಿ ಯಾವ ತಂಡಕ್ಕೂ ಯಾವ ತಂಡಕ್ಕೂ ಎಷ್ಟು ಗಂಟೆಗೆ ಪಂದ್ಯ ಎಂಬುದನ್ನು ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ. ಈಗ ನಾನು ಅದನ್ನು ತಿಳಿಯಬೇಕಾದರೆ ಕ್ರೀಡಾಂಗಣದ ಗೇಟಿನ ಪಕ್ಕ ಕಡಲೆಕಾಯಿ ಮಾರುವವರ ಬಳಿಗೇ ಹೋಗಿ ಕೇಳಬೇಕಾಗಿದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಫುಟ್‌ಬಾಲ್ ಅಭಿಮಾನಿ
ಹಲಸೂರು, ಬೆಂಗಳೂರು